ಮಣ್ಣಿನ ಕಿರುಜೀವಿಗಳನ್ನು ಎಣಿಸಲು ಯಾವ ದಾರಿ? ಕಾಸರಗೋಡಿನ ತೋಟಗಳಿಗಾಗಿ ಒಂದು ಹೋಲಿಕೆ

"ಮಾಷ್ಟ್ರೇ, ಇಷ್ಟು ವರ್ಷದಿಂದ ಮದ್ದು ಬಿಡ್ತಾ ಬಂದಿದ್ದೇವೆ. ಅಡಿಯ ಮಣ್ಣಿನಲ್ಲಿ ಜೀವ ಉಳಿದಿದೆಯೋ ಇಲ್ಲವೋ ನೋಡುವುದು ಹೇಗೆ?"

ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರು ಆಟಿ ತಿಂಗಳ (ಜುಲೈ-ಆಗಸ್ಟ್, ಜೋರು ಮಳೆಯ ಕಾಲ) ಒಂದು ಸಂಜೆ ಜಗಲಿಯಲ್ಲಿ ಕೂತು ಕೇಳಿದ ಪ್ರಶ್ನೆ ಇದು. ಮದ್ದು ಎಂದರೆ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. ಮೈಲುತುತ್ತಿನ ತಾಮ್ರ ಗೊನೆಯಿಂದ ಮಳೆನೀರಿನ ಜೊತೆ ಇಳಿದು ಮಣ್ಣು ಸೇರುತ್ತದೆ. ಅದು ಕೊಳೆತು ಮಾಯವಾಗುವ ವಸ್ತುವಲ್ಲ, ಅಲ್ಲೇ ಉಳಿಯುತ್ತದೆ. ಆದ್ದರಿಂದ ಅವರ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಎಣಿಸಿ ನೋಡುವ ದಾರಿಗಳು ಹಲವಿವೆ. ಯಾವುದು ಯಾವುದಕ್ಕೆ ಸರಿ, ನಮ್ಮ ಮಳೆಗೆ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ಮಣ್ಣಿಗೆ ಯಾವುದು ಒಗ್ಗುತ್ತದೆ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ.

ಎಣಿಸಬೇಕಾದದ್ದು ಎರೆಹುಳವನ್ನಲ್ಲ. ಸುಮಾರು 0.1ರಿಂದ 2 ಮಿಲಿಮೀಟರ್ ಉದ್ದದ, ಕಾಲುಗಳಲ್ಲಿ ಗಂಟುಗಳಿರುವ ಜೀವಿಗಳನ್ನು. ಇವುಗಳಲ್ಲಿ ಬಹುಪಾಲು ನುಸಿಗಳು ಮತ್ತು ಸ್ಪ್ರಿಂಗ್‌ಟೇಲ್‌ಗಳು. ನುಸಿ ಎಂದ ಕೂಡಲೇ ನಮ್ಮವರಿಗೆ 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ತೆಂಗಿನಕಾಯಿಯನ್ನು ಕೆಡಿಸಿದ ನುಸಿ ನೆನಪಾಗುತ್ತದೆ. ಮಣ್ಣಿನ ನುಸಿಗಳು ಬೇರೆ. ಅವುಗಳಲ್ಲಿ ಹೆಚ್ಚಿನವು ತರಗೆಲೆಯನ್ನೂ ಅದರ ಮೇಲಿನ ಬೂಸ್ಟನ್ನೂ ತಿಂದು ಬದುಕುವಂಥವು, ಕೆಲವು ಇತರ ಕಿರುಜೀವಿಗಳನ್ನು ಬೇಟೆಯಾಡುವಂಥವು. ಸ್ಪ್ರಿಂಗ್‌ಟೇಲ್‌ಗೆ ಆರು ಕಾಲು. ಹೊಟ್ಟೆಯಡಿ ಮಡಚಿಟ್ಟ ಕವೆಯಂಥ ಬಾಲವನ್ನು ನೆಲಕ್ಕೆ ಬಡಿದು ಚಿಮ್ಮುತ್ತದೆ. ಆಳದಲ್ಲಿರುವ ಜಾತಿಗಳಿಗೆ ಆ ಬಾಲವೂ ಇಲ್ಲ, ಕಣ್ಣೂ ಇಲ್ಲ, ಬಣ್ಣವೂ ಇಲ್ಲ. ಇವುಗಳ ನಡುವೆ ಹುಸಿಚೇಳು (ಬಾಲವಿಲ್ಲದ ಕಿರುಚೇಳಿನಂಥದ್ದು), ಸಿಂಫೈಲ (ಬಿಳಿಯ ಪುಟ್ಟ ಜರಿಯಂಥದ್ದು), ಡಿಪ್ಲ್ಯೂರ (ಎರಡು ಬಾಲದ, ಕಣ್ಣಿಲ್ಲದ ಆರು ಕಾಲಿನದ್ದು), ಪ್ರೋಟ್ಯೂರಗಳು (ಕಣ್ಣೂ ಮೀಸೆಯೂ ಇಲ್ಲದ ಆರು ಕಾಲಿನವು) ಒಂದೊಂದಾಗಿ ಸಿಗುತ್ತವೆ. ಅಡಿಕೆಯ ಹಳೆಯ ಹಾಳೆ, ಸೋಗೆ ಕೊಳೆತು ಗೊಬ್ಬರವಾಗುವುದರಲ್ಲಿ ಇವಕ್ಕೆಲ್ಲ ಪಾಲಿದೆ.

ಮಣ್ಣಿನಿಂದ ಇವುಗಳನ್ನು ಹೊರತೆಗೆಯುವ ದಾರಿಗಳು ಮೂಲದಲ್ಲಿ ಎರಡೇ. ಒಂದು, ಜೀವಿಗಳು ತಾವಾಗಿ ನಡೆದು ಹೊರಬರುವಂತೆ ಮಾಡುವುದು. ಇನ್ನೊಂದು, ನಾವೇ ಅವುಗಳನ್ನು ತೇಲಿಸಿಯೋ ಹೆಕ್ಕಿಯೋ ತೆಗೆಯುವುದು. ಮೊದಲನೆಯದರಲ್ಲಿ ಸಿಗುವುದು ನಡೆಯಬಲ್ಲ ಜೀವಿಗಳ ಲೆಕ್ಕ. ಎರಡನೆಯದರಲ್ಲಿ ಮಲಗಿದ್ದು, ಸತ್ತದ್ದು, ಮೊಟ್ಟೆ, ಕೋಶ ಎಲ್ಲವೂ ಬರುತ್ತವೆ. ಒಂದೇ ತೋಟದ ಮಣ್ಣು ಎರಡು ವಿಧಾನದಲ್ಲಿ ಎರಡು ಸಂಖ್ಯೆ ಕೊಟ್ಟರೆ ಎರಡೂ ತಪ್ಪಲ್ಲ. ಒಂದು ವಿಧಾನದ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯ ಪಕ್ಕ ಇಟ್ಟು ಹೋಲಿಸುವುದು ಮಾತ್ರ ತಪ್ಪು.

ಆಲಿಕೆ ಮತ್ತು ಬಲ್ಬು

ಇಟಲಿಯ ಆಂಟೋನಿಯೊ ಬರ್ಲೇಸೆ 1905ರಲ್ಲಿ ಒಂದು ಉಪಾಯ ಮಾಡಿದರು. ಆಲಿಕೆಯ ಸುತ್ತ ಬಿಸಿನೀರಿನ ಕವಚ, ಮೇಲೆ ಜಾಲರಿಯಲ್ಲಿ ಮಣ್ಣು, ಕೆಳಗೆ ಬಾಟಲಿ. ಮಣ್ಣು ಒಣಗುತ್ತ ಬಂದಂತೆ ಜೀವಿಗಳು ತಂಪನ್ನು ಹುಡುಕಿ ಕೆಳಗಿಳಿದು ಬಾಟಲಿಗೆ ಬೀಳುತ್ತವೆ. ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಹುಟ್ಟಿದ್ದು 1916ರಲ್ಲಿ. ಅದಾಗಿ ಎರಡು ವರ್ಷಕ್ಕೆ, 1918ರಲ್ಲಿ, ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ನೀರಿನ ಬದಲು ಮೇಲಿನಿಂದ ಬಲ್ಬಿನ ಬಿಸಿ ಕೊಟ್ಟರು. ಇಂದು ಹೆಚ್ಚಿನವರು ಬಳಸುವುದು ಈ ಬಲ್ಬಿನ ಆಲಿಕೆಯನ್ನೇ. ಹೆಸರು ಹೇಳುವಾಗ ಇಬ್ಬರನ್ನೂ ಸೇರಿಸಿ ಬರ್ಲೇಸೆ-ಟುಲ್‌ಗ್ರೆನ್ ಎನ್ನುತ್ತಾರೆ.

ಮನೆಯಲ್ಲಿ ಮಾಡುವುದು ಸುಲಭ. 2 ಲೀಟರ್ ಬಾಟಲಿಯನ್ನು ಕತ್ತರಿಸಿ ಮೇಲಿನ ಅರ್ಧವನ್ನು ಬೋರಲು ಹಾಕಿದರೆ ಆಲಿಕೆ ಆಯಿತು. ಅದರೊಳಗೆ ಸುಮಾರು 2 ಮಿಲಿಮೀಟರ್ ಕಣ್ಣಿನ ಜಾಲರಿ. ಕಷ್ಟ ಇರುವುದು ಬಲ್ಬಿನಲ್ಲಿ. ಎಲ್‌ಇಡಿ ಬಲ್ಬಿಗೆ ಬೆಳಕಿದೆ, ಮಣ್ಣು ಒಣಗಿಸುವಷ್ಟು ಬಿಸಿ ಇಲ್ಲ. ಹಳೆಯ ತಂತಿ ಬಲ್ಬು ಬೇಕು. ಅಂಗಡಿಯಲ್ಲಿ ಸಿಗದಿದ್ದರೆ ಕೋಳಿಮರಿಗಳಿಗೆ ಕಾವು ಕೊಡಲು ಬಲ್ಬು ಮಾರುವವರಲ್ಲಿ ಕೇಳಿ. ಒಂದು ಸಣ್ಣ ಆಲಿಕೆಗೆ 25ರಿಂದ 40 ವಾಟ್ ಧಾರಾಳ.

ಅವಸರ ಮಾಡಬಾರದು. ಬಲ್ಬನ್ನು ಮೊದಲ ದಿನವೇ ಹತ್ತಿರ ಇಟ್ಟರೆ ಮಣ್ಣಿನ ಮೇಲ್ಪದರ ಬೇಗ ಸುಟ್ಟು ಒಣಗುತ್ತದೆ. ಮೆತ್ತನೆ ಮೈಯ, ನಿಧಾನ ನಡೆಯುವ ಜೀವಿಗಳು ದಾರಿಯಲ್ಲೇ ಸಾಯುತ್ತವೆ. ಮೊದಲ ದಿನ ದೂರ ಇಟ್ಟು ದಿನಕ್ಕಿಷ್ಟು ಹತ್ತಿರ ತರಬೇಕು. ಮಣ್ಣಿನ ತುಂಡನ್ನು ಒಡೆಯದೆ ತಲೆಕೆಳಗಾಗಿ ಇಡುವುದು ಇನ್ನೊಂದು ಮುಖ್ಯ ಸಂಗತಿ. ಮೇಲ್ಪದರದಲ್ಲಿ ಜೀವಿಗಳೂ ಹೆಚ್ಚು, ರಂಧ್ರಗಳೂ ಅಗಲ. ಆ ಬದಿ ಕೆಳಗಿದ್ದರೆ ಅವು ಹೊರಬರುವ ದಾರಿ ಗಿಡ್ಡವಾಗುತ್ತದೆ. ನಾನು ಮೊದಲ ವರ್ಷ ಇದನ್ನು ತಿಳಿಯದೆ ಮಣ್ಣು ತೆಗೆದ ಹಾಗೆಯೇ ನೆಟ್ಟಗೆ ಇಟ್ಟಿದ್ದೆ. ಬಾಟಲಿಗೆ ಬಂದದ್ದು ತೀರ ಕಡಿಮೆ. "ಈ ತೋಟದ ಮಣ್ಣು ಸತ್ತಿದೆ" ಎಂದು ನೋಟ್‌ಬುಕ್ಕಿನಲ್ಲಿ ಬರೆದೂ ಬಿಟ್ಟಿದ್ದೆ. ಮರುವರ್ಷ ಅದೇ ಬುಡದ ಮಣ್ಣನ್ನು ತಲೆಕೆಳಗಾಗಿ ಇಟ್ಟಾಗ ಬಾಟಲಿಯ ತಳ ಕಾಣದಷ್ಟು ಜೀವಿಗಳಿದ್ದವು. ಆ ಮಾತು ಬರೆದ ಪುಟವನ್ನು ನಾನು ಇಂದಿಗೂ ಹರಿದಿಲ್ಲ.

ಮಳೆಗಾಲದಲ್ಲಿ ಈ ವಿಧಾನಕ್ಕೆ ಎರಡು ತೊಡಕು. ಒಂದು ಗಾಳಿಯ ತೇವ. ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೆ ಒಣಗುವ ಮಣ್ಣು ಆಟಿಯಲ್ಲಿ ವಾರ ಕಳೆದರೂ ತಣ್ಣಗೆ ಕೂತಿರುತ್ತದೆ. ಆಲಿಕೆಯ ಒಳಗೋಡೆಯಲ್ಲಿ ನೀರಹನಿ ಕಟ್ಟಿ, ಇಳಿದು ಬಂದ ಸ್ಪ್ರಿಂಗ್‌ಟೇಲ್‌ಗಳು ಅದಕ್ಕೆ ಅಂಟಿಕೊಳ್ಳುತ್ತವೆ. ಮಣ್ಣು ಗೋಡೆಗೆ ತಾಗದಂತೆ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟರೆ ಇದು ಕಡಿಮೆಯಾಗುತ್ತದೆ. ಎರಡನೆಯ ತೊಡಕು ಕರೆಂಟು. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲದಿದ್ದರೆ ಅರೆಬಿಸಿ ಮಣ್ಣು ಮತ್ತೆ ತಣಿದು ಬೂಸ್ಟು ಹಿಡಿಯುತ್ತದೆ. ಅಂಥ ಮಾದರಿಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಹೊಸತು ತನ್ನಿ.

ಕೆಳಗಿನ ಬಾಟಲಿಯಲ್ಲಿ ಏನು ಇಡಬೇಕು? ಪ್ರಯೋಗಾಲಯಗಳಲ್ಲಿ 70ರಿಂದ 80 ಶೇಕಡಾ ಎಥನಾಲ್. ಮನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿದರೆ ಕೆಲಸ ನಡೆಯುತ್ತದೆ. ಬಲ್ಬಿನಡಿ ಅದು ಆವಿಯಾಗುವುದರಿಂದ ದಿನಾ ನೋಡಿ ತುಂಬಬೇಕು. ಆವಿಯಾಗದಿರಲೆಂದು ಕೆಲವರು ಎಥಿಲೀನ್ ಗ್ಲೈಕಾಲ್ ಬಳಸುತ್ತಾರೆ. ಅದು ಸಿಹಿ ರುಚಿಯ ವಿಷ. ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ಬೇಡ. ಸ್ಪ್ರಿಂಗ್‌ಟೇಲ್‌ನ ಮೈ ನೀರನ್ನು ಹತ್ತಿಸಿಕೊಳ್ಳುವುದಿಲ್ಲ, ಮೇಲೆಯೇ ತೇಲುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದರೆ ಮುಳುಗುತ್ತದೆ.

ಇದೇ ಆಲಿಕೆಯ ಸುಧಾರಿತ ರೂಪಗಳೂ ಇವೆ. ಇಂಗ್ಲೆಂಡಿನ ಮ್ಯಾಕ್‌ಫೇಡಿಯನ್ 1950ರ ದಶಕದಿಂದ ಮೇಲೆ ಬಿಸಿ, ಕೆಳಗೆ ತಂಪು ಎರಡನ್ನೂ ಹತೋಟಿಯಲ್ಲಿಟ್ಟು ಅವುಗಳ ನಡುವಿನ ವ್ಯತ್ಯಾಸವನ್ನು ಹೆಚ್ಚಿಸಿದರು. 1963ರ ಕೆಂಪ್ಸನ್ ಉಪಕರಣ ತರಗೆಲೆಗೆಂದೇ ಮಾಡಿದ್ದು. ಫಲ ಚೆನ್ನಾಗಿದೆ, ಆದರೆ ತಂಪು ನೀರಿನ ವ್ಯವಸ್ಥೆ ಬೇಕು, ಖರ್ಚು ದೊಡ್ಡದು. ಸಂಶೋಧನೆಗೆ ಹೊರತು ತೋಟದ ಕೆಲಸಕ್ಕೆ ಬೇಕಾಗಿಲ್ಲ.

ತೇಲಿಸುವುದು

ಕಿರುಜೀವಿಗಳ ಮೈ ಮಣ್ಣಿನ ಕಣಕ್ಕಿಂತ ಹಗುರ. ನೀರಿಗಿಂತ ಸ್ವಲ್ಪ ಭಾರದ ದ್ರಾವಣದಲ್ಲಿ ಮಣ್ಣು ಕದಡಿದರೆ ಮರಳು ತಳ ಸೇರುತ್ತದೆ, ಜೀವಿಗಳು ಮೇಲೆ ತೇಲುತ್ತವೆ. 1936ರಲ್ಲಿ ಲ್ಯಾಡೆಲ್ ಎಂಬವರು ಮೆಗ್ನೀಸಿಯಂ ಸಲ್ಫೇಟ್ ದ್ರಾವಣದಲ್ಲಿ ಗಾಳಿಯ ಗುಳ್ಳೆ ಹಾಯಿಸಿ ಇದನ್ನು ಮಾಡಿದರು. ನಮ್ಮಲ್ಲಿ ತೆಂಗು, ಅಡಿಕೆಯ ಎಲೆ ಹಳದಿಯಾದಾಗ ಬುಡಕ್ಕೆ ಹಾಕುವ ಮೆಗ್ನೀಸಿಯಂ ಸಲ್ಫೇಟ್ ಅದೇ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಸಕ್ಕರೆಯೂ ಆಗುತ್ತದೆ: 1 ಕಿಲೊ ನೀರಿಗೆ 1 ಕಿಲೊ ಸಕ್ಕರೆ ಕರಗಿಸಿದರೆ ಸಾಂದ್ರತೆ 1.23ರ ಹತ್ತಿರ ಬರುತ್ತದೆ. ಉಪ್ಪು ಕರಗುವಷ್ಟೂ ಕರಗಿಸಿದ ನೀರು 1.2. ದ್ರಾವಣ ಸರಿಯಾಗಿದೆಯೇ ಎಂದು ತಿಳಿಯಲು 100 ಮಿಲಿಲೀಟರ್ ಅಳೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. 120 ಗ್ರಾಂ ಆಸುಪಾಸು ಇದ್ದರೆ ಸಾಕು.

ಇದರ ದೊಡ್ಡ ಗುಣ, ಜೀವಿಯ ಇಚ್ಛೆಯನ್ನು ಕೇಳಬೇಕಾಗಿಲ್ಲ. ಆಲಿಕೆಯಲ್ಲಿ ಇಳಿಯದ ನಿಧಾನಿಗಳು, ಪೊರೆ ಬಿಡುತ್ತಿರುವವು, ಬೇಸಿಗೆಯ ನಿದ್ದೆಯಲ್ಲಿರುವವು ಎಲ್ಲವೂ ಮೇಲೆ ಬರುತ್ತವೆ. ಕರೆಂಟು ಬೇಡ, ಅರ್ಧ ದಿನದಲ್ಲಿ ಮುಗಿಯುತ್ತದೆ. ಫೆಬ್ರವರಿಯಿಂದ ಮೇ ತನಕ ನಮ್ಮ ಗುಡ್ಡದ ಮಣ್ಣು ಕಲ್ಲಿನಂತೆ ಒಣಗಿರುವಾಗ ಆಲಿಕೆ ಹೆಚ್ಚೇನೂ ಕೊಡುವುದಿಲ್ಲ. ಆಗಲೇ ಒಣಗಿದ ಮಣ್ಣಿಗೆ ಇನ್ನಷ್ಟು ಬಿಸಿ ಕೊಟ್ಟು ಓಡಿಸುವುದೇನು? ಆ ತಿಂಗಳುಗಳಿಗೆ ನನ್ನ ಆಯ್ಕೆ ತೇಲಿಸುವುದೇ.

ಆದರೆ ತೋಟದ ಮೇಲ್ಪದರಕ್ಕೆ, ಸೊಪ್ಪು ಹಟ್ಟಿಗೊಬ್ಬರ ಬಿದ್ದ ಬುಡಕ್ಕೆ ಇದು ಬೇಡ. ಅಲ್ಲಿ ಜೀವಿಗಳ ಜೊತೆ ಬೇರಿನ ಚೂರು, ಎಲೆಯ ಪುಡಿ ಎಲ್ಲ ತೇಲಿ ಕಪ್ಪು ಕೆನೆ ಕಟ್ಟುತ್ತದೆ. ಅದರಲ್ಲಿ ನುಸಿ ಹುಡುಕುವುದೆಂದರೆ ಸಂಜೆಯಿಂದ ನಡುರಾತ್ರಿಯವರೆಗೆ ಕಣ್ಣು ನೋವು. ಮುರಕಲ್ಲಿನ ಮಣ್ಣಿನಲ್ಲಿ ಜೇಡಿಯೂ ಇದೆ. ಅದರ ಉಂಡೆಗಳು ಕರಗದಿದ್ದರೆ ಒಳಗಿನ ಜೀವಿಗಳು ಒಳಗೇ ಉಳಿಯುತ್ತವೆ. ಮೊದಲು ನೀರಿನಲ್ಲಿ ನೆನೆಸಿ ಮೆಲ್ಲಗೆ ಕದಡಿ. ಒಂದೇ ಸಲಕ್ಕೆ ನಿಲ್ಲಿಸದೆ ಮೂರು ಸಲ ತೇಲಿಸಿ. ಚಹಾ ಸೋಸುವ ಜಾಲರಿಯ ಕಣ್ಣು ದೊಡ್ಡದು, ನುಸಿ ಇಳಿದು ಹೋಗುತ್ತದೆ. ತೆಳು ಪಾಲಿಸ್ಟರ್ ಬಟ್ಟೆ ಎರಡು ಮಡಿಕೆ ಬೇಕು. ಭಾರದ ದ್ರಾವಣದಲ್ಲಿ ಮೆತ್ತನೆ ಮೈ ಕುಗ್ಗುವುದರಿಂದ ಕೂಡಲೇ ಸಾದಾ ನೀರಿನಲ್ಲಿ ತೊಳೆದು ಆಲ್ಕೊಹಾಲಿಗೆ ಹಾಕಿ. ಸಕ್ಕರೆಯಾದರೆ ಬಾಲ್ದಿಯ ಸುತ್ತ ಇರುವೆ ಸಾಲುಗಟ್ಟುತ್ತದೆ, ಮಾದರಿಗೇ ಇರುವೆ ಸೇರಿದರೆ ಲೆಕ್ಕ ಕೆಡುತ್ತದೆ.

ಎಲೆಪುಡಿಯ ಕಾಟ ತಪ್ಪಿಸಲು ಪ್ರಯೋಗಾಲಯದವರು ಹೆಪ್ಟೇನ್ ಬಳಸುತ್ತಾರೆ. ಕೀಟದ ಮೈಮೇಲಿನ ಮೇಣಕ್ಕೆ ಎಣ್ಣೆಯಂಥ ದ್ರವ ಹತ್ತುತ್ತದೆ, ನೆನೆದ ಎಲೆಚೂರಿಗೆ ಹತ್ತುವುದಿಲ್ಲ. ಹಾಗಾಗಿ ಜೀವಿಗಳು ಎಣ್ಣೆಯ ಪದರದಲ್ಲಿ, ಕಸ ನೀರಿನಲ್ಲಿ ಉಳಿಯುತ್ತವೆ. ಬಹಳ ಚಂದದ ವಿಧಾನ. ಆದರೆ ಹೆಪ್ಟೇನ್ ಪೆಟ್ರೋಲಿನಂತೆ ಬೆಂಕಿ ಹಿಡಿಯುವ ವಸ್ತು. ಮನೆಯಲ್ಲಿ, ಶಾಲೆಯಲ್ಲಿ ಖಂಡಿತ ಮಾಡಬಾರದು.

ಕರೆಂಟೂ ದ್ರಾವಣವೂ ಬೇಡದ ದಾರಿಗಳು

ವಿಂಕ್ಲರ್ ಚೀಲ ತರಗೆಲೆಗೆ ಹೇಳಿ ಮಾಡಿಸಿದ್ದು. ತರಗೆಲೆಯನ್ನು ಸುಮಾರು 1 ಸೆಂಟಿಮೀಟರ್ ಕಣ್ಣಿನ ಜರಡಿಯಲ್ಲಿ ಜಾಡಿಸಿ, ಇಳಿದ ಪುಡಿಯನ್ನು ಬಲೆಯ ಚೀಲಕ್ಕೆ ತುಂಬಿ, ಅದನ್ನು ಬಟ್ಟೆಯ ದೊಡ್ಡ ಚೀಲದೊಳಗೆ ತೂಗಿಬಿಡುವುದು. ಕೆಳಗೆ ಲೋಟ. ಕದಡಿದ್ದರಿಂದಲೂ ಒಣಗುವುದರಿಂದಲೂ ಜೀವಿಗಳು ಎರಡು ಮೂರು ದಿನಗಳಲ್ಲಿ ಲೋಟಕ್ಕೆ ಇಳಿಯುತ್ತವೆ. ಇರುವೆ, ಸಣ್ಣ ಜೀರುಂಡೆ, ಹುಸಿಚೇಳುಗಳಿಗೆ ಬಹಳ ಒಳ್ಳೆಯದು. ನುಸಿ, ಸ್ಪ್ರಿಂಗ್‌ಟೇಲ್‌ಗಳಿಗೆ ಆಲಿಕೆಯೇ ವಾಸಿ. ಮಳೆಗಾಲದಲ್ಲಿ ಚೀಲ ಒಣಗುವುದೇ ಇಲ್ಲವಾದ್ದರಿಂದ ನವೆಂಬರಿನಿಂದ ಮೇಲೆ ಬಳಸಿ.

ತರಗೆಲೆ ದಪ್ಪಗೆ ಇರುವುದು ನಾಗಬನಗಳಲ್ಲಿ, ಅದನ್ನು ಕಂಡರೆ ಕೈ ಹಾಕಲು ಮನಸ್ಸಾಗುತ್ತದೆ. ಬನದ ಎಲೆಯನ್ನೂ ಮುಟ್ಟಬಾರದೆಂಬ ಕಟ್ಟುಪಾಡು ಇರುವಲ್ಲಿ ಮನೆತನದವರ ಒಪ್ಪಿಗೆ ಇಲ್ಲದೆ ಒಂದು ಹಿಡಿಯನ್ನೂ ತರಬಾರದು. ಆ ಕಟ್ಟುಪಾಡಿನಿಂದಲೇ ಅಲ್ಲಿನ ಮಣ್ಣು ಉಳಿದಿದೆ.

ನೆಲದಲ್ಲಿ ಲೋಟ ಹೂತಿಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಮಳೆನೀರು ಬೀಳದಂತೆ ನಾಲ್ಕು ಕಲ್ಲಿನ ಮೇಲೆ ಅಡಿಕೆ ಹಾಳೆಯ ತುಂಡು ಮುಚ್ಚಿ. ಆದರೆ ಅದರಲ್ಲಿ ಬೀಳುವುದು ಮೇಲೆ ಓಡಾಡುವಂಥವು ಮಾತ್ರ. ಹೆಚ್ಚು ಬಿತ್ತೆಂದರೆ ಹೆಚ್ಚು ಓಡಾಡಿದವು ಎಂದರ್ಥ, ಹೆಚ್ಚು ಇವೆ ಎಂದಲ್ಲ. ಚದರ ಮೀಟರಿಗೆ ಇಷ್ಟೆಂದು ಇದರಿಂದ ಹೇಳಲು ಬರುವುದಿಲ್ಲ.

ಬೇರುಹುಳ, ಒರಲೆ (ಗೆದ್ದಲು), ಚೋರಟೆ (ಸಹಸ್ರಪದಿ), ಜರಿ ಬೇಕಿದ್ದರೆ ಇದ್ಯಾವುದೂ ಬೇಡ. 25 ಸೆಂಟಿಮೀಟರ್ ಚೌಕ, 30 ಸೆಂಟಿಮೀಟರ್ ಆಳ ಅಗೆದು ಗೋಣಿಯ ಮೇಲೆ ಹರಡಿ ಕೈಯಿಂದ ಹೆಕ್ಕುವುದೇ ಸರಿ.

ಮಣ್ಣು ತೆಗೆಯುವಾಗ

ಪುಸ್ತಕಗಳಲ್ಲಿ 5 ಸೆಂಟಿಮೀಟರ್ ವ್ಯಾಸದ ಕೊಳವೆಯನ್ನು ನೆಲಕ್ಕೆ ಒತ್ತಿ ತೆಗೆಯಿರಿ ಎಂದಿರುತ್ತದೆ. ನಮ್ಮ ಗುಡ್ಡದ ಜಲ್ಲಿಮಣ್ಣಿನಲ್ಲಿ ಕೊಳವೆ ಎರಡು ಬೆರಳು ಇಳಿಯುವಷ್ಟರಲ್ಲಿ ಕಲ್ಲಿಗೆ ತಾಗಿ ನಿಲ್ಲುತ್ತದೆ. ಬಡಿದರೆ ಮಣ್ಣು ಒತ್ತಿ ರಂಧ್ರಗಳು ಮುಚ್ಚುತ್ತವೆ, ಜೀವಿಗಳು ಹೊರಬರಲಾರವು. 10 ಸೆಂಟಿಮೀಟರ್ ಚೌಕದ ತಗಡಿನ ಚೌಕಟ್ಟು ಮಾಡಿಸಿ, ಸುತ್ತ ಕತ್ತಿಯಿಂದ ಕೊಯ್ದು 5 ಸೆಂಟಿಮೀಟರ್ ಆಳಕ್ಕೆ ತುಂಡನ್ನು ಇಡಿಯಾಗಿ ಎತ್ತುವುದು ಮೇಲು. ಕಣಿವೆಯ ತೋಟದ ಮೆದುಮಣ್ಣಿನಲ್ಲಿ ಕೊಳವೆ ಚೆನ್ನಾಗಿಯೇ ಇಳಿಯುತ್ತದೆ. ಗುಡ್ಡವನ್ನೂ ತೋಟವನ್ನೂ ಹೋಲಿಸುವುದಾದರೆ ಎರಡೂ ಕಡೆ ಚೌಕಟ್ಟನ್ನೇ ಬಳಸಿ.

ಈ ಜೀವಿಗಳು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಗುಂಪುಗುಂಪಾಗಿ ಇರುತ್ತವೆ. ಒಂದು ಬುಡದಲ್ಲಿ ಐನೂರು, ಒಂದು ಮೀಟರ್ ಆಚೆ ಮೂವತ್ತು. ಆದ್ದರಿಂದ ಒಂದು ದೊಡ್ಡ ಬುಟ್ಟಿ ಮಣ್ಣಿಗಿಂತ ಹತ್ತು ಸಣ್ಣ ತುಂಡುಗಳು ಹೆಚ್ಚು ಸತ್ಯ ಹೇಳುತ್ತವೆ. ತಂದ ದಿನವೇ ಆಲಿಕೆಗೆ ಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬಿಟ್ಟರೆ ಎಣಿಸಲು ಏನೂ ಉಳಿಯದು.

ಎಣಿಸುವಾಗ

ಗಾಜಿನ ತಟ್ಟೆಯ ಅಡಿಗೆ ಗೆರೆ ಹಾಕಿದ ಕಾಗದ ಇಟ್ಟು, 20ರಿಂದ 40 ಪಟ್ಟು ದೊಡ್ಡದಾಗಿ ತೋರಿಸುವ ಸ್ಟೀರಿಯೊ ಮೈಕ್ರೋಸ್ಕೋಪಿನಲ್ಲಿ ಗೆರೆಗಳ ನಡುವಿನ ಒಂದೊಂದೇ ಮನೆಯಾಗಿ ಎಣಿಸಿ. ಚೌಕಟ್ಟಿನಲ್ಲಿ 84 ಸಿಕ್ಕರೆ 100ರಿಂದ ಗುಣಿಸಿ: ಚದರ ಮೀಟರಿಗೆ 8,400. ಕೊಳವೆಯದ್ದಾದರೆ ಸುಮಾರು 509ರಿಂದ ಗುಣಿಸಬೇಕು. ಒಂದು ನುಸಿ ಕಣ್ತಪ್ಪಿದರೆ 509 ತಪ್ಪಿದಂತೆ! ಚೌಕಟ್ಟು ಒಳ್ಳೆಯದೆನ್ನಲು ಇದೂ ಒಂದು ಕಾರಣ.

ಸಂಖ್ಯೆಯೇ ಬೇಕೆ ಎಂದು ಮೊದಲು ಯೋಚಿಸಿ. ಇಟಲಿಯ ವಿಟ್ಟೋರಿಯೊ ಪರಿಸಿ 2001ರಲ್ಲಿ ಬೇರೊಂದು ಲೆಕ್ಕ ತೋರಿಸಿದರು. ಎಷ್ಟು ಎಂದು ಎಣಿಸುವುದಿಲ್ಲ, ಯಾವ ಬಗೆಯವು ಇವೆ ಎಂದಷ್ಟೇ ನೋಡುವುದು. ಮಣ್ಣಿನ ಬದುಕಿಗೆ ಎಷ್ಟು ಒಗ್ಗಿದೆಯೋ ಅಷ್ಟು ಅಂಕ, 1ರಿಂದ 20. ಕಣ್ಣು, ಬಣ್ಣ, ಬಾಲ ಕಳೆದುಕೊಂಡು ಆಳಕ್ಕಿಳಿದ ಸ್ಪ್ರಿಂಗ್‌ಟೇಲ್‌ಗೆ 20, ಮೇಲೆ ಓಡಾಡುವ ಬಣ್ಣದ ಸ್ಪ್ರಿಂಗ್‌ಟೇಲ್‌ಗೆ ಕಡಿಮೆ. ಪ್ರೋಟ್ಯೂರ, ಡಿಪ್ಲ್ಯೂರ, ಸಿಂಫೈಲ, ಹುಸಿಚೇಳು, ನುಸಿಗೆ 20. ಎಲ್ಲ ಕೂಡಿಸಿದರೆ ಆ ಮಣ್ಣಿನ ಅಂಕ. ಆಳದ ಜೀವಿಗಳಿಗೆ ಕದಡಿದ ಮಣ್ಣಿನಿಂದ ಓಡಿಹೋಗಲು ಆಗದು, ಅದಕ್ಕೇ ಅವುಗಳಿಗೆ ಹೆಚ್ಚು ಬೆಲೆ. ಜಾತಿ ಗುರುತಿಸುವ ಪರಿಣತಿ ಬೇಡವಾದ್ದರಿಂದ ಹೈಸ್ಕೂಲಿನ ಮಕ್ಕಳೂ ಮಾಡಬಲ್ಲರು. ನನ್ನ ಮನಸ್ಸಿಗೆ ಅತಿ ಹೆಚ್ಚು ಹಿಡಿಸಿದ್ದು ಇದೇ. ಜಾತಿಯೇ ಬೇಕೆಂದರೆ ನುಸಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ತಿಳಿಗೊಳಿಸಿ ಸ್ಲೈಡ್ ಮಾಡಬೇಕು, ಅದನ್ನು ಬಲ್ಲವರ ಬಳಿ ಕೂತು ಕಲಿಯಬೇಕು.

ಹಾಗಾದರೆ ಯಾವುದು

ಬದಿಯಡ್ಕದ ಕೃಷಿಕರಿಗೆ ನಾನು ಹೇಳಿದ್ದು: ಬಲ್ಬಿನ ಆಲಿಕೆ, ಹತ್ತು. ಮದ್ದು ಬಿಡುವ ತೋಟದಿಂದ ಐದು ತುಂಡು, ಪಕ್ಕದಲ್ಲೇ ಮದ್ದು ಕಾಣದ ತೆಂಗಿನ ಬುಡದಿಂದ ಐದು. ಒಂದೇ ದಿನ, ಒಂದೇ ಆಳ. ಮಳೆ ಹಿಂದೆ ಸರಿದು ಮಣ್ಣಿನಲ್ಲಿ ತೇವ ಇನ್ನೂ ಇರುವ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ. ಸಂಖ್ಯೆಯನ್ನೂ ಬರೆಯಿರಿ, ಬಗೆಯ ಅಂಕವನ್ನೂ ಬರೆಯಿರಿ. ವ್ಯತ್ಯಾಸ ಕಂಡರೂ ತಾಮ್ರವೇ ಕಾರಣ ಎನ್ನಲು ಅಷ್ಟು ಸಾಲದು. ಅಡಿಕೆ ಬುಡಕ್ಕೂ ತೆಂಗಿನ ಬುಡಕ್ಕೂ ಬೀಳುವ ನೆರಳು, ಹಾಕುವ ಸೊಪ್ಪು, ನಿಲ್ಲುವ ನೀರು ಬೇರೆ. ಮಣ್ಣಿನ ತಾಮ್ರವನ್ನೂ ಪರೀಕ್ಷೆ ಮಾಡಿಸಿ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಎಂಡೋಸಲ್ಫಾನ್ ಸುರಿದ ಗೇರುಗುಡ್ಡಗಳ ಮಣ್ಣನ್ನು ನೋಡಬೇಕೆಂದು ಕೆಲವು ಕಾಲೇಜು ಹುಡುಗರು ಕೇಳುತ್ತಾರೆ. ಅಲ್ಲಿ ಮಣ್ಣು ತೆಳು, ಜಲ್ಲಿ ಹೆಚ್ಚು, ವರ್ಷದ ಅರ್ಧ ಒಣಗಿರುತ್ತದೆ. ಅವರಿಗೆ ಚೌಕಟ್ಟು ಮತ್ತು ತೇಲಿಸುವ ವಿಧಾನ. ಮಳೆಗಾಲದ ಮಾದರಿಯನ್ನು ಆಲಿಕೆಯಲ್ಲೂ ಹಾಕಿ, ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿಯೇ ಇಡಿ. ಶಾಲೆಯ ಹಿತ್ತಲಿಗೆ ಮೂರು ಬಾಟಲಿ ಆಲಿಕೆ ಸಾಕು.

ಬಾಟಲಿಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಿರಿ: ಸ್ಥಳ, ದಿನಾಂಕ, ಆಳ, ಯಾವ ವಿಧಾನ, ಎಷ್ಟು ದಿನ ಬಲ್ಬಿನಡಿ ಇತ್ತು, ನಡುವೆ ಕರೆಂಟು ಎಷ್ಟು ಹೊತ್ತು ಹೋಗಿತ್ತು. ಪೆನ್ನಿನ ಶಾಯಿ ಆಲ್ಕೊಹಾಲಿನಲ್ಲಿ ಒಂದೇ ರಾತ್ರಿಗೆ ಕರಗಿಹೋಗುತ್ತದೆ.